ನನ್ನ ಎರಡೂ ಬಳೆ ಹಸಿರು

ನಮ್ಮ ಮನೆಯಲ್ಲಿರುವುದು ಒಬ್ಬಳೇ ಮುದುಕಿ, ಆದರೆ ಸಂಬಂಧ ಹಿಡಿದು ಕರೆಯಲು ಹೋದರೆ ಇಬ್ಬರು. ಅವ್ವನ ಕಡೆಯಿಂದ ನೋಡಿದರೆ ಅವಳು ನನಗೆ ಅಜ್ಜಿ, ಅಪ್ಪನ ಕಡೆಯಿಂದ ನೋಡಿದರೆ ಸೋದರತ್ತೆ. ಅಜ್ಜಿ ತನ್ನ ಮಗಳನ್ನು ತನ್ನ ಸ್ವಂತ ತಮ್ಮನಿಗೇ ಕೊಟ್ಟು ಮದುವೆ ಮಾಡಿದ್ದಳು. ಹರಿಹರದ ನಮ್ಮ ಓಣಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಮನೆಯಲ್ಲೇ ಸೋದರಮಾವ ಇರುವಾಗ ಹೊರಗೆ ಗಂಡು ಹುಡುಕುವುದು ಅಂದರೆ, ಹಿತ್ತಲಲ್ಲಿ ನಲ್ಲಿ ಇಟ್ಟುಕೊಂಡು ತುಂಗಭದ್ರೆಗೆ ಕೊಡ ಹೊತ್ತುಕೊಂಡು ಹೋದಂತೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು ಈ ಸಂಬಂಧವನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬಿಡಿಸಿ, ನಾನು ನನ್ನ ಅಣ್ಣನಿಗೆ ತಂಗಿ ಮಾತ್ರವಲ್ಲ, ಒಂದು ದಾರಿಯಿಂದ ಅತ್ತೆಯ ಸಾಲಿನವಳೂ ಆಗುತ್ತೇನೆ ಎಂದು ಸಾಬೀತು ಮಾಡಿದ್ದೆ. ಕಾಲಿಗೆ ಬೀಳು ಎಂದು ಅಣ್ಣನ ಮುಂದೆ ನಿಂತೆ. ಅವನು ಭಕ್ತಿಯಿಂದ ಬಗ್ಗಿ, ಎರಡೂ ಕಾಲು ಹಿಡಿದು ಎಳೆದು, ನನ್ನನ್ನೇ ಬೀಳಿಸಿದ.

ಆ ಅಣ್ಣನಿಗೇ ಕಳೆದ ವರ್ಷ ಕಾಯಿಲೆ ಬಂತು.

ಅವನು ಡಿಪ್ಲೊಮಾ ಓದುತ್ತಿದ್ದ. ಕೊಂಡಜ್ಜಿಯ ಸ್ಕೌಟ್ ಶಿಬಿರಕ್ಕೆ ಚಿಕ್ಕ ಹುಡುಗರನ್ನು ಕರೆದುಕೊಂಡು ಹೋಗಿ, ಮೂರು ದಿನ ಹಗ್ಗ ಎಳೆಸಿ, ಮೈತುಂಬಾ ನೀಲಿ ಕಲೆ ಮಾಡಿಕೊಂಡು ವಾಪಸ್ಸಾದ. ಬೆನ್ನು ನೋಡಿದರೆ ಭೂಗೋಳದ ಪುಸ್ತಕ. ಎಡ ಭುಜದ ಕೆಳಗೆ ಆಫ್ರಿಕಾ ಎಷ್ಟು ಸ್ಪಷ್ಟವಾಗಿತ್ತೆಂದರೆ ಮಡಗಾಸ್ಕರ್ ಕೂಡ ಅದರ ಜಾಗದಲ್ಲೇ ಇತ್ತು. ನಾನು ಗೆಳತಿಯರಿಗೆ ತೋರಿಸಿ ನದಿಗಳ ಹೆಸರು ಹೇಳಿದೆ. ಅವ್ವ ಮಾತ್ರ ನಗಲಿಲ್ಲ. ವಾರವಾದರೂ ಆಫ್ರಿಕಾ ಮಾಸಲಿಲ್ಲ, ಪಕ್ಕದಲ್ಲಿ ಹೊಸ ಖಂಡಗಳು ಎದ್ದವು. ಆಮೇಲೆ ಹಲ್ಲುಜ್ಜುವಾಗ ರಕ್ತ ಬಂತು, ಅದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಹೀಗೆ ನಾವು ದಾವಣಗೆರೆಗೆ, ಎಸ್.ಎಸ್. ಬಡಾವಣೆಯ ಡಾಕ್ಟರಮ್ಮನ ಹತ್ತಿರ ಹೋಗತೊಡಗಿದೆವು. ನರೆತ ಕೂದಲು, ಕಾಟನ್ ಸೀರೆ, ಕನ್ನಡಕಕ್ಕೆ ದಾರ. ರಕ್ತದ ಕಾಯಿಲೆ ನೋಡುವುದರಲ್ಲಿ ಎತ್ತಿದ ಕೈ. ಅವರು ಅಣ್ಣನ ಸೊಂಟದ ಮೂಳೆಯಿಂದ ಚೂರು ಮಜ್ಜೆ ತೆಗೆಸಿ ನೋಡಿ, ಮೂಳೆಯೊಳಗೆ ರಕ್ತ ಹುಟ್ಟಿಸುವ ಕಾರ್ಖಾನೆಯೇ ನಿಂತುಹೋಗಿದೆ ಅಂದರು. ಊರಿನ ದೊಡ್ಡ ಕಾರ್ಖಾನೆಗೆ ಬೀಗ ಬಿದ್ದದ್ದು ಕಂಡ ಹರಿಹರದವರಿಗೆ ಕಾರ್ಖಾನೆ ನಿಲ್ಲುವುದು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಅವ್ವ ಕುರ್ಚಿಯ ತೋಳು ಹಿಡಿದುಕೊಂಡಳು.

"ಮತ್ತ ಶುರು ಮಾಡಕ್ಕ ಬರಲ್ಲೇನ್ರಿ?" ಅಂದಳು.

"ಇನ್ನೊಬ್ಬರ ಮಜ್ಜೆ ಹಾಕಿದ್ರ ಶುರುವಾಗಬಹುದು. ಅದಕ್ಕ ಹೊಂದೋರು ಸಿಗಬೇಕು. ಸಿಕ್ಕರ ಹುಡುಗ ಉಳೀತಾನ. ಸಿಗಲಿಲ್ಲ ಅಂದ್ರ…" ಡಾಕ್ಟರಮ್ಮ ವಾಕ್ಯ ಮುಗಿಸದೆ ಒಂದು ಹಾಳೆ ತೆಗೆದುಕೊಂಡು ಚೌಕ, ದುಂಡು ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. "ನಿಮ್ಮದು ಸಂಬಂಧದಾಗ ಆದ ಮದುವೆ ಏನ್ರಿ?"

ಅವ್ವ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು. "ಇಲ್ರೀ. ಹೊರಗಿನ ಸಂಬಂಧ."

ನಾನು ಅಜ್ಜಿಯ ಮುಖ ನೋಡಿದೆ. ಅವಳು ನನ್ನ ತೊಡೆ ಚಿವುಟಿದಳು. ಆ ಚಿವುಟಿನ ಗುರುತು ಈಗಲೂ ಇದೆ, ಮುಂದೆ ಪಾಸ್‌ಪೋರ್ಟ್ ಮಾಡಿಸಿದರೆ ಅದನ್ನೇ ಬರೆಸುತ್ತೇನೆ. ಹೊರಗೆ ರೋಗಿಗಳು ಕಾಯುವ ಕೋಣೆಯಲ್ಲಿ ಒಂದು ಬಣ್ಣದ ಬೋರ್ಡಿತ್ತು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಬೇಡ ಎಂದು ದಪ್ಪ ಅಕ್ಷರ, ಕೆಳಗೆ ಅಳುವ ಮಗುವಿನ ಚಿತ್ರ. ನಮ್ಮ ಸರದಿ ಬರುವವರೆಗೆ ಅಜ್ಜಿ ಅದನ್ನೇ ಓದುತ್ತಾ ಕೂತಿದ್ದಳು. ನಾನು ಅದನ್ನು ಗಮನಿಸಿದ್ದೆ, ಆದರೆ ಅದರ ಅರ್ಥ ಆಗ ನನಗೆ ಹತ್ತಲಿಲ್ಲ.

"ತಂದೆ ಯಾವ ಊರಿನೋರು?" ಡಾಕ್ಟರಮ್ಮ ಕೇಳಿದರು.

ಅಜ್ಜಿ ತಡವರಿಸಿದಳು. ಯಾರಾದರೂ ತಡವರಿಸಿದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ.

"ಬೀದರ್ ಕಡೆಯೋರ್ರೀ," ಅಂದೆ. "ಅಲ್ಲಿಂದ ಕಬ್ಬಿಣದ ವ್ಯಾಪಾರಕ್ಕೆ ಅಂತ ಹರಿಹರಕ್ಕ ಬಂದ್ರಂತೆ. ಇಳಿದ ದಿನ ಬಸ್‌ಸ್ಟ್ಯಾಂಡಿನಾಗ ಟ್ರಂಕು ಕಳವಾತಂತೆ. ನಮ್ಮಜ್ಜಿ ಊಟಕ್ಕ ಹಾಕಿದ್ರು. ಹಂಗಾ ಮನೆ ಅಳಿಯ ಆಗಿಬಿಟ್ರು."

ಇದರಲ್ಲಿ ಕಬ್ಬಿಣದ ಅಂಗಡಿ ಒಂದೇ ನಿಜ. ಅಪ್ಪ ಹುಟ್ಟಿದ್ದು ಮಾಯಕೊಂಡದಲ್ಲಿ. ತಾಯಿ ತೀರಿಕೊಂಡ ಮೇಲೆ ಆರು ವರ್ಷದ ತಮ್ಮನನ್ನು ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡು ಹರಿಹರಕ್ಕೆ ತಂದು ಸಾಕಿದ್ದಳು. ಬೀದರನ್ನು ಅವನು ಹವಾಮಾನ ವರದಿಯಲ್ಲಿ ಮಾತ್ರ ಕಂಡಿದ್ದಾನೆ. ಆದರೆ ಡಾಕ್ಟರಮ್ಮ ನಕ್ಕು, ಅಪ್ಪನ ಚೌಕದ ಪಕ್ಕ ಬೀದರ್ ಎಂದು ಬರೆದುಕೊಂಡರು. ಟ್ರಂಕಿನ ಕಥೆ ಇನ್ನಷ್ಟು ಬೆಳೆಸಬಹುದಿತ್ತಲ್ಲ ಎಂದು ನನಗೆ ಬೇಸರವಾಯಿತು.

ಅಪ್ಪ ಆಸ್ಪತ್ರೆಯ ವಾಸನೆಗೆ ಹೆದರಿ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಅವನಿಗೆ ಈ ವಿಷಯ ಗೊತ್ತಾದದ್ದು ಮುಂದಿನ ವಾರ. ಡಾಕ್ಟರಮ್ಮ ಅವನನ್ನು ವರಾಂಡದಲ್ಲಿ ಕಂಡು, "ಏನ್ರಿ, ಬೀದರ್ ಕಡೆ ಮಳೆ ಹೆಂಗೈತಿ?" ಅಂದರು. ಅಪ್ಪ ನನ್ನನ್ನು ನೋಡಿದ, ಅಕ್ಕನನ್ನು, ಅಂದರೆ ಅಜ್ಜಿಯನ್ನು ನೋಡಿದ. ಅಜ್ಜಿ ಸೆರಗು ಸರಿಮಾಡಿಕೊಂಡಳು. ಸಾಕಿದ ಅಕ್ಕನ ಮಾತಿಗೆ ಅವನು ಜನ್ಮದಲ್ಲಿ ಎದುರಾಡಿದವನಲ್ಲ.

"ಚೆನ್ನಾಗೈತಂತ್ರೀ," ಅಂದ.

ಹೊಂದುವುದು ಅಂದರೆ ಏನು ಅಂತ ಡಾಕ್ಟರಮ್ಮ ನಮಗೆ ಹೇಳಿದ್ದು ಆ ದಿನವೇ. ನಾನು ರಕ್ತದ ಗುಂಪು ಅಂದುಕೊಂಡಿದ್ದೆ. ನನ್ನದು ಓ, ಎಲ್ಲರಿಗೂ ಆಗುತ್ತದೆ, ತೆಗೆದುಕೊಳ್ಳಿ ಎಂದು ತೋಳು ಚಾಚಿದೆ. ಅವರು ನನ್ನ ತೋಳನ್ನು ಮೇಜಿನ ಮೇಲಿಂದ ಮೆಲ್ಲಗೆ ಸರಿಸಿದರು.

"ಮನೆಯೋರು ಈಗ ಅವನಿಗೆ ರಕ್ತ ಕೊಡಬ್ಯಾಡ್ರಿ. ಆಮೇಲೆ ಮಜ್ಜೆ ಕೊಡಬೇಕಾಗಬಹುದು, ಅವನ ಮೈ ಮೊದಲೇ ನಿಮ್ಮ ಮ್ಯಾಲೆ ಮುನಿಸಿಕೊಂಡರ ಕಷ್ಟ. ಇದು ಗುಂಪಿನ ವಿಷಯ ಅಲ್ಲ. ನಮ್ಮ ಮೈಯಾಗ ಹೆಚ್ಚುಕಡಿಮೆ ಪ್ರತಿ ಕಣನೂ ತನ್ನ ಮೈಮ್ಯಾಲೆ ಒಂದು ಗುರುತು ಹಚ್ಚಿಕೊಂಡಿರ್ತತಿ. ಕಾವಲು ಕಾಯೋ ಕಣಗಳು ಓಣಿ ಓಣಿ ತಿರುಗತಾ ಅದನ್ನ ನೋಡ್ತಾವ. ನಮ್ಮೋನೋ ಅಲ್ಲೋ, ಒಳಗ ಯಾವುದಾರ ರೋಗ ಹೊಕ್ಕೈತೋ ಇಲ್ಲೋ. ಬ್ಯಾರೆ ಗುರುತು ಕಂಡ್ರ ಬಿಡಲ್ಲ. ಆ ಗುರುತಿನದೊಂದು ಕಟ್ಟು ತಾಯಿ ಕೊಟ್ಟಿರ್ತಾಳ, ಒಂದು ಕಟ್ಟು ತಂದೆ."

"ಎಷ್ಟು ಥರ ಇರ್ತಾವ್ರಿ?" ನಾನು ಕೇಳಿದೆ.

"ಮನುಷ್ಯರ ಮೈಯಾಗ ಇದರಷ್ಟು ಥರ ಇರೋದು ಇನ್ನೊಂದಿಲ್ಲ. ಕಣ್ಣಿನ ಬಣ್ಣ, ಮೂಗಿನ ಉದ್ದ ಎಲ್ಲ ಇದರ ಮುಂದೆ ಏನೂ ಅಲ್ಲ. ಇನ್ನೂ ಎಣಿಸ್ತಾ ಅದಾರ, ಮುಗಿದಿಲ್ಲ."

"ಅಷ್ಟ್ಯಾಕ?"

ಡಾಕ್ಟರಮ್ಮ ಕನ್ನಡಕ ತೆಗೆದರು. ಹಿಂದೆ ಸಾಲುಸಾಲು ರೋಗಿಗಳು ಕಾಯುತ್ತಿದ್ದರು, ಆದರೂ ಹೇಳಿದರು. "ಎಲ್ಲರದೂ ಒಂದೇ ಥರ ಇದ್ದಿದ್ರ, ಯಾವುದೋ ಒಂದು ರೋಗ ಆ ಒಂದು ಬೀಗ ತೆರೆಯೋದು ಕಲಿತುಬಿಟ್ಟಿದ್ರ, ಊರಿಗೆ ಊರೇ ಹೋಗ್ತಿತ್ತು. ಪ್ಲೇಗು, ಕಾಲರಾ, ಸಿಡುಬು ಬಂದಾಗೆಲ್ಲ ಒಬ್ಬರು ಹೋದ್ರು, ಒಬ್ಬರು ಉಳಿದ್ರು. ಉಳಿದೋರ ಗುರುತು ಮಕ್ಕಳಿಗೆ ಬಂತು. ಒಂದೊಂದು ಸೀಮೆಗೆ ಒಂದೊಂದು ರೋಗ, ಹಂಗಾಗಿ ಒಂದೊಂದು ಸೀಮೆಯಾಗ ಒಂದೊಂದು ಗುರುತು ಹೆಚ್ಚು."

ನನ್ನ ಕೈ ನೋಡಿಕೊಂಡೆ. ಮಸಿಯ ಕಲೆ, ಕಚ್ಚಿದ ಉಗುರು, ದೋಸೆಯ ಬೆಣ್ಣೆ ವಾಸನೆ. ಇದರೊಳಗೆ ಕೋಟಿ ಕಣಗಳು, ನಾನು ಹುಟ್ಟುವ ನೂರಾರು ವರ್ಷ ಮೊದಲು ಯಾರೋ ಜ್ವರದಿಂದ ಎದ್ದು ಕೂತದ್ದರ ಗುರುತು ಹಚ್ಚಿಕೊಂಡು ಸುಮ್ಮನೆ ಕೆಲಸ ಮಾಡುತ್ತಿವೆ. ಆ ಯೋಚನೆ ಬಸ್‌ಸ್ಟ್ಯಾಂಡಿನವರೆಗೂ ಇತ್ತು. ಬಸ್ಸಿನಲ್ಲಿ ಸೀಟು ಹಿಡಿಯುವ ಗದ್ದಲದಲ್ಲಿ ಹೋಯಿತು.

ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಡಾಕ್ಟರಮ್ಮ ಹೇಳಿದ್ದರು. ತಂದೆ ತಾಯಿ ಸಾಮಾನ್ಯವಾಗಿ ಅರ್ಧರ್ಧ ಮಾತ್ರ ಹೊಂದುವುದರಿಂದ, ಮೊದಲು ನನ್ನ ಮತ್ತು ಅಣ್ಣನ ರಕ್ತವನ್ನಷ್ಟೇ ದೂರದ ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಕಳಿಸಿದರು. ನಾಲ್ಕರಲ್ಲಿ ಒಂದು ಎಂಬುದನ್ನು ನಾನು ಊರಿಗೆ ಬರುವಷ್ಟರಲ್ಲಿ ನಾಲ್ಕರಲ್ಲಿ ಮೂರು ಮಾಡಿದ್ದೆ. ಕಾಲೇಜಿನ ಗೇಟು ದಾಟುವಾಗ ಅದು ನಾಲ್ಕರಲ್ಲಿ ನಾಲ್ಕಾಗಿತ್ತು. ನನ್ನ ಮೂಳೆ ಕೊರೆಯಲು ಬೋರ್‌ವೆಲ್ ಲಾರಿ ಬರುತ್ತದೆ, ನೂರಾ ಇಪ್ಪತ್ತು ಅಡಿಗೆ ಮಜ್ಜೆ ಸಿಗುತ್ತದೆ ಅಂದೆ. ಇಬ್ಬರು ಗೆಳತಿಯರು ಅತ್ತರು. ಕ್ಯಾಂಟೀನಿನಲ್ಲಿ ನನಗೆ ಎರಡು ವಾರ ಮಿರ್ಚಿ ಮಂಡಕ್ಕಿ ಪುಕ್ಕಟೆ ಸಿಕ್ಕಿತು, ತ್ಯಾಗ ಮಾಡುವವರಿಗೆ ಖಾರ ಇರಲಿ ಎಂದು.

ಮನೆಯಲ್ಲಿ ಅಣ್ಣ ಕಿಟಕಿ ಪಕ್ಕ ಮಲಗಿರುತ್ತಿದ್ದ. ತುಟಿ ಬಿಳಿಚಿತ್ತು. ಓಣಿಯ ಹುಡುಗರು, ಎದುರು ಮನೆಯ ಬಳೆ ಚಾಚಾ, ಚಾಚಾನ ಇಬ್ಬರು ಅಳಿಯಂದಿರು, ಎಲ್ಲರೂ ಸರದಿಯಂತೆ ದಾವಣಗೆರೆಗೆ ಹೋಗಿ ಅವನಿಗಾಗಿ ರಕ್ತ ಕೊಟ್ಟು ಬರುತ್ತಿದ್ದರು.

"ನೀನು ಕೊಟ್ಟಮ್ಯಾಲೆ ನಾನೂ ನಿನ್ನಂಗ ಬಾಯಿಬಡುಕ ಆಗ್ತೀನೇನೇ?" ಅಣ್ಣ ಒಂದು ದಿನ ಕೇಳಿದ.

"ಆಗ್ತೀಯ. ಜಡೆನೂ ಬರ್ತತಿ."

"ಹಂಗಾದ್ರ ಬ್ಯಾಡ ಬಿಡು," ಅಂದ. ನಕ್ಕದ್ದಕ್ಕೇ ಅವನ ಒಸಡಿನಿಂದ ರಕ್ತ ಬಂತು. ನಾನು ಟವೆಲ್ ಹಿಡಿದೆ. ಅವನ ಗಲ್ಲ ನನ್ನ ಅಂಗೈಯಲ್ಲಿ ಕಾಗದದಷ್ಟು ಹಗುರವಾಗಿತ್ತು. ಇದನ್ನು ನಾನು ಹಿಗ್ಗಿಸಿ ಹೇಳುತ್ತಿಲ್ಲ.

ವರದಿ ಬಂದ ದಿನ ಡಾಕ್ಟರಮ್ಮ ಬಹಳ ಹೊತ್ತು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅಣ್ಣನ ಹಾಳೆಯಲ್ಲಿ ಎರಡು ಕಟ್ಟು ಗುರುತುಗಳಿದ್ದವು. ನನ್ನದರಲ್ಲಿ ಒಂದೇ ಕಟ್ಟು, ಇನ್ನೊಂದರ ಜಾಗದಲ್ಲಿ ಸಣ್ಣ ಸಣ್ಣ ಗೆರೆ. ಖಾಲಿ.

"ಅರ್ಧ ಹೊಂದ್ಯಾವ," ಅಂದರು. "ಪೂರ್ತಿ ಇಲ್ಲ."

"ನಂದು ಇನ್ನರ್ಧ ಎಲ್ಲಿ ಹೋತ್ರಿ?" ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಅದೇ ನೋಡ್ತಾ ಇದೀನಿ. ಹಿಂಗ ಖಾಲಿ ಬರೋಕ ಎರಡು ಕಾರಣ ಇರ್ತಾವ. ಒಂದು, ತಂದೆ ತಾಯಿ ಇಬ್ಬರೂ ಒಂದೇ ಕಟ್ಟು ಕೊಟ್ಟಿರಬೇಕು. ಎರಡೂ ಒಂದೇ ಆದ್ರ ಯಂತ್ರಕ್ಕ ಒಂದೇ ಕಾಣ್ತತಿ. ಆದ್ರ ಇಷ್ಟು ಥರದಾಗ ಇಬ್ಬರು ಪರಕೀಯರಿಗೆ ಒಂದೇ ಕಟ್ಟು ಇಡೀಯಾಗಿ ಸಿಗೋದು ಅಪರೂಪ. ಹತ್ತಿರದ ಸಂಬಂಧ ಇದ್ರ ಸರಿ. ನಿಮ್ಮದು ಸಂಬಂಧ ಅಲ್ಲ ಅಂದ್ರಿ." ಅವರು ಹಳೆಯ ಹಾಳೆ ತೆಗೆದರು. ಚೌಕದ ಪಕ್ಕ ನನ್ನ ಬೀದರ್ ಕೂತಿತ್ತು. "ಎರಡನೇದು, ಗುರುತು ಐತಿ, ಆದ್ರ ಲ್ಯಾಬಿನೋರಿಗೆ ಗುರುತಿಸಾಕ ಬಂದಿಲ್ಲ. ಈ ಪರೀಕ್ಷೆ ಮಾಡೋ ಔಷಧದ ಬಾಟ್ಲಿ ಬರೋದು ಪರದೇಶದಿಂದ. ಅವು ಆ ದೇಶದ ಮಂದಿಯ ಗುರುತು ಬಲ್ಲವು. ನಮ್ಮ ಕಡೆಯ ಎಷ್ಟೋ ಗುರುತು ಅವಕ್ಕ ಗೊತ್ತೇ ಇಲ್ಲ. ನಿಮ್ಮ ತಂದೆ ಅಷ್ಟು ದೂರದ ಸೀಮೆಯೋರು ಅಂದಮ್ಯಾಲೆ ಹಂಗೇ ಇರಬೇಕು."

"ಮತ್ತ ನಮ್ಮ ಹುಡುಗಗ?" ಅವ್ವ ಕೇಳಿದಳು.

"ಹೊರಗಿನೋರ ಪೈಕಿ ಹುಡುಕಬೇಕು ಅಂದ್ರ ಪರದೇಶದ ಪಟ್ಟಿಯಾಗ ನಮ್ಮೋರು ಬಹಳ ಕಡಿಮೆ. ನಮ್ಮಲ್ಲಿ ಅಂಥ ಪಟ್ಟಿ ಇನ್ನೂ ಇಲ್ಲ. ಸದ್ಯ ಔಷಧದಾಗ ನೋಡೋಣ್ರಿ." ಅವರು ಔಷಧ ಎಂಬ ಮಾತನ್ನು ಮೇಜಿನ ಕಡೆ ನೋಡುತ್ತಾ ಹೇಳಿದರು.

ಅಜ್ಜಿ ಆಗಲೂ ನಿಜ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಈಗ ಓದುವವರಿಗೆ ಅನ್ನಿಸಬಹುದು, ಈ ಹುಡುಗಿ ಅಲ್ಲೇ ಎದ್ದುನಿಂತು ಹೇಳಬಾರದಿತ್ತೇ ಎಂದು. ನನಗೆ ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಇಷ್ಟೇ: ನಾನು ಹೊಂದಲಿಲ್ಲ.

ಮೂರು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಬಳೆ ಚಾಚಾ ತನ್ನ ಮಲಾರ, ಅಂದರೆ ಬಳೆ ಪೋಣಿಸಿದ ಹಗ್ಗಗಳ ಗೊಂಚಲು ಹೊತ್ತು ಮಾರಾಟ ಮುಗಿಸಿ ಬಂದವನು, ನಮ್ಮ ಕಟ್ಟೆಯ ಮೇಲೆ ಅದನ್ನಿಳಿಸಿ ನೀರು ಕೇಳಿದ. ಅಜ್ಜಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳು ಆ ಮೂರು ದಿನದಲ್ಲಿ ಸರಿಯಾಗಿ ಉಂಡಿರಲಿಲ್ಲ.

"ನನ್ನ ರಕ್ತ ನೋಡಿಸ್ರಲ್ಲ," ಚಾಚಾ ಅಂದ. "ನಮ್ದು ಏಳು ತಲೆಮಾರು ಹರಿಹರದಾಗೇ ಐತೆ. ಅದೇ ಹೊಳೆ ನೀರು ಕುಡದಿದೀವಿ. ಏನಾರ ಸಿಗಬಹುದು."

"ಅದು ಹಂಗಲ್ಲ ಚಾಚಾ," ಅಂದೆ. ಸುಮ್ಮನಿರುವುದು ನನಗೆ ಸಾಕಾಗಿತ್ತು. "ನಿಮ್ಮ ಮಲಾರದಾಗ ಎಷ್ಟು ಥರ ಬಳೆ ಅದಾವ?"

"ನಂಗೇ ಗೊತ್ತಿಲ್ಲವ್ವ. ಕೊಂಡಜ್ಜಿ ಕಡೆ ಹೋದ್ರ ಹಸಿರು ಗಾಜು ಕೇಳ್ತಾರ, ಮಾಯಕೊಂಡದಾಗ ಚುಕ್ಕಿದು, ದಾವಣಗೆರ್ಯಾಗ ಮೆಟಲ್ ಬೇಕಂತಾರ. ಆದ್ರ ಎಲ್ಲ ಥರನೂ ಎಲ್ಲ ಊರಾಗೂ ಒಂದೊಂದು ಕೈಯಾಗ ಇದ್ದೇ ಇರ್ತತಿ."

"ಹಂಗೇ ಇದೂ. ಒಬ್ಬೊಬ್ಬರಿಗೂ ಎರಡೇ ಬಳೆ. ಒಂದು ಅಪ್ಪ ಕೊಟ್ಟಿದ್ದು, ಒಂದು ಅವ್ವ ಕೊಟ್ಟಿದ್ದು. ಅವರೂ ತಮ್ಮೆರಡರಾಗ ಯಾವುದಾರ ಒಂದನ್ನ ಕೊಡಬೇಕು."

ನಾನು ಕಟ್ಟೆಯ ಮೇಲೆ ಅಣ್ಣನ ಜಾಗದಲ್ಲಿ ಒಂದು ಹಸಿರು, ಒಂದು ಕೆಂಪು ಬಳೆ ಇಟ್ಟೆ. ನನ್ನ ಜಾಗದಲ್ಲಿ ಒಂದು ಹಸಿರು ಇಟ್ಟೆ. ಇನ್ನೊಂದಕ್ಕೆ ಕೈ ಮಲಾರದ ಮೇಲೆ ಸುಮ್ಮನೆ ತಿರುಗಿತು.

"ಯಾಕ, ನಿಂಗೊಂದೇ?"

"ಲ್ಯಾಬಿನೋರಿಗೆ ಒಂದೇ ಕಾಣ್ತಂತೆ. ಇನ್ನೊಂದು ಬೀದರಿನ ಬಳೆ. ಹೆಸರಿಲ್ಲದ್ದು."

ಚಾಚಾ ನೀರು ಕುಡಿದು ಲೋಟ ಕೆಳಗಿಟ್ಟ. "ಎಲ್ಲಿ ಬೀದರ್? ನಿಮ್ಮಪ್ಪ ಮಾಯಕೊಂಡದಿಂದ ಬಂದಾಗ ನಂಗ ಹತ್ತು ವರ್ಷ. ಇದೇ ಕಟ್ಟೆ ಮ್ಯಾಲೆ ಅಕ್ಕನ ಸೆರಗು ಹಿಡಕೊಂಡು ಅಳ್ತಾ ನಿಂತಿದ್ದ." ಅವನು ಮಲಾರದಿಂದ ಇನ್ನೊಂದು ಹಸಿರು ಬಳೆ ತೆಗೆದು ನನ್ನ ಜಾಗದಲ್ಲಿದ್ದದ್ದರ ಮೇಲೆ ಇಟ್ಟ. ಎರಡೂ ಒಂದೇ ಆಗಿ ಕೂತವು. ಮೇಲಿನಿಂದ ನೋಡಿದರೆ ಒಂದೇ ಬಳೆ. "ಇಬ್ಬರೂ ಒಂದೇ ಅಂಗಡಿಯಾಗ ತಂದ್ರ ಹಿಂಗೇ ಕಾಣ್ತತಿ."

ನಾನು ಆ ಎರಡು ಬಳೆಗಳನ್ನೇ ನೋಡುತ್ತಾ ಕೂತೆ. ನನ್ನ ಎರಡೂ ಹಸಿರಾದರೆ ಒಂದನ್ನು ಅಪ್ಪ ಕೊಟ್ಟ, ಒಂದನ್ನು ಅವ್ವ ಕೊಟ್ಟಳು. ಅಂದರೆ ಇಬ್ಬರ ಹತ್ತಿರವೂ ಹಸಿರು ಇದೆ. ಮೇಲಿನ ಸಾಲಿನಲ್ಲಿ, ಅಪ್ಪನ ಜಾಗದಲ್ಲಿ ಒಂದು ಹಸಿರು ಇಟ್ಟೆ, ಅವ್ವನ ಜಾಗದಲ್ಲಿ ಒಂದು ಹಸಿರು ಇಟ್ಟೆ. ಅಣ್ಣನದು ಹಸಿರು ಕೆಂಪು. ಆ ಕೆಂಪು ಇಬ್ಬರಲ್ಲಿ ಯಾರೋ ಒಬ್ಬರು ಕೊಟ್ಟದ್ದು. ಯಾರು ಕೊಟ್ಟರೋ ಅವರ ಹತ್ತಿರ ಹಸಿರೂ ಇದೆ, ಕೆಂಪೂ ಇದೆ. ಇನ್ನೊಂದು ಕೆಂಪು ಬಳೆಯನ್ನು ಅಪ್ಪನ ಹಸಿರಿನ ಪಕ್ಕ ಇಟ್ಟು ನೋಡಿದೆ. ಅಣ್ಣನ ಜೋಡಿಯೇ. ತೆಗೆದು ಅವ್ವನ ಹಸಿರಿನ ಪಕ್ಕ ಇಟ್ಟೆ. ಆಗಲೂ ಅಣ್ಣನ ಜೋಡಿಯೇ. ಎಲ್ಲಿಟ್ಟರೂ ಅಷ್ಟೇ. ಇಬ್ಬರಲ್ಲಿ ಒಬ್ಬರು ಪೂರ್ತಿ ಹೊಂದಲೇಬೇಕು.

ನಾನು ಇಷ್ಟು ದಿನ ಹೇಳಿದ ಕಥೆಗಳಲ್ಲಿ ಯಾವುದೂ ಇಷ್ಟು ದೊಡ್ಡದಾಗಿರಲಿಲ್ಲ, ಮತ್ತು ಇದನ್ನು ನಾನು ಕಟ್ಟಿರಲೂ ಇಲ್ಲ. ನಾಲ್ಕಾಣೆಯ ಗಾಜಿನ ಬಳೆಗಳು ತಾವೇ ಹೇಳುತ್ತಿದ್ದವು.

"ಅಜ್ಜಿ," ಅಂದೆ. "ಡಾಕ್ಟರಮ್ಮಗ ನಿಜ ಹೇಳಬೇಕು."

ಅಜ್ಜಿ ಕಣ್ಣು ತೆರೆದಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. "ನಾನು ಮಾಡಿದ ಮದುವಿಗೇ ಕೂಸಿಗೆ ಹಿಂಗಾತು ಅಂತ ಬೋರ್ಡ್ನಾಗ ಬರದಾರ," ಅಂದಳು. "ಅದನ್ನ ಆಕಿ ಬಾಯಾಗ ಕೇಳಾಕ ನಂಗ ಧೈರ್ಯ ಆಗಲಿಲ್ಲ. ತಮ್ಮ ದೂರ ಹೋಗಬಾರದು, ಮಗಳೂ ದೂರ ಹೋಗಬಾರದು ಅಂತ ಆಸೆ ಮಾಡಿದೆ. ನನ್ನ ಆಸೆ ಹುಡುಗನ್ನ ತಿಂತಾ ಐತೆ."

ಆಮೇಲೆ ಅವಳು ಕಂಬ ಬಿಟ್ಟು ಮುಂದೆ ಜರುಗಿ ಮಲಾರಕ್ಕೆ ಕೈ ಹಾಕಿದಳು. ಅಜ್ಜ ಹೋದಾಗಿನಿಂದ ಅವಳು ಗಾಜಿನ ಬಳೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಚಾಚಾ ಬೇರೆ ಕಡೆ ನೋಡಿದ. ಅಜ್ಜಿ ಒಂದು ಹಸಿರು ಬಳೆ ತೆಗೆದು, ಅಪ್ಪ ಅವ್ವನ ಸಾಲಿಗಿಂತ ಮೇಲೆ ತನಗೊಂದು ಇಟ್ಟುಕೊಂಡಳು. ಇನ್ನೊಂದನ್ನು ತೆಗೆದು ಅದಕ್ಕಿಂತಲೂ ಮೇಲಿಟ್ಟಳು.

"ಇದು ನಮ್ಮವ್ವಂದೋ, ನಮ್ಮಪ್ಪಂದೋ," ಅಂದಳು. "ನಮ್ಮವ್ವಂದು ಅನ್ನು. ಆಕಿ ಸಣ್ಣಾಕಿದ್ದಾಗ ಪ್ಲೇಗು ಬಂತಂತೆ. ಊರು ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡಿದ್ರಂತೆ. ಗುಡಿಸಲಾಗ ಒಂಬತ್ತು ಮಂದಿ. ವಾಪಸ್ ಊರಿಗೆ ನಡಕೊಂಡು ಬಂದಿದ್ದು ಇಬ್ಬರು. ಆಕಿ, ಮತ್ತ ಆಕಿ ಅಜ್ಜಿ."

ಆ ಬಳೆಯಿಂದಲೇ ಅವಳು ಉಳಿದಳು ಎಂದು ಹೇಳಲು ನಾನು ಯಾರು. ಡಾಕ್ಟರಮ್ಮನೂ ಹೇಳಲಾರರು. ಆದರೆ ಬಿಸಿಲಲ್ಲಿ ಮಾಯಕೊಂಡದ ದಾರಿ ಹಿಡಿದ ಒಬ್ಬ ಹುಡುಗಿ ನನಗೆ ಕಂಡಳು. ಅವಳ ಮೈಯಲ್ಲಿ, ಅವಳಿಗೇ ಗೊತ್ತಿಲ್ಲದೆ, ನಾನು ಅರ್ಧ ಇದ್ದೆ. ಅರ್ಧ ಏಕೆ, ಎರಡೂ ಕಡೆಯಿಂದ ಇದ್ದೆ. ಅಕ್ಕನ ಮೂಲಕ ಒಂದು, ತಮ್ಮನ ಮೂಲಕ ಒಂದು, ಎರಡು ದಾರಿ ಹಿಡಿದು ಅದೇ ಬಳೆ ಬಂದು ನನ್ನ ಕೈಯಲ್ಲಿ ಮತ್ತೆ ಜೋಡಿಯಾಗಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ಅಜ್ಜಿ, ಅಪ್ಪ, ಅವ್ವ ಎಸ್.ಎಸ್. ಬಡಾವಣೆಗೆ ಹೋದೆವು. ನಾನೇ ಹೇಳಬೇಕೆಂದು ಅಜ್ಜಿಯನ್ನು ತಡೆದಿದ್ದೆ.

"ಡಾಕ್ಟರಮ್ಮ, ಬೀದರ್ ಸುಳ್ಳು," ಅಂದೆ. "ಟ್ರಂಕೂ ಸುಳ್ಳು. ನಮ್ಮಪ್ಪ ಇವರ ಸ್ವಂತ ತಮ್ಮ. ನಮ್ಮವ್ವ ಇವರ ಮಗಳು." ಇಷ್ಟು ಚಿಕ್ಕ ಮಾತನ್ನು ನಾನು ಅದಕ್ಕೂ ಮೊದಲು ಎಂದೂ ಆಡಿರಲಿಲ್ಲ. ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಬಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದೆ.

ಡಾಕ್ಟರಮ್ಮ ಮೊದಲು ಬಳೆ ನೋಡಿದರು, ಆಮೇಲೆ ನನ್ನನ್ನು. ಬೈಯುತ್ತಾರೆ ಅಂದುಕೊಂಡೆ. ಅವರು ಹಳೆಯ ಹಾಳೆ ತೆಗೆದು, ಬೀದರಿನ ಮೇಲೆ ಗೀಟು ಎಳೆದು, ಹೊಸದಾಗಿ ಗೆರೆ ಬರೆದರು. ಚೌಕ ದುಂಡುಗಳ ಮರ ಮೇಲಿಂದ ಕೆಳಗಿಳಿದು, ಸುತ್ತಿ ಬಂದು, ತನ್ನದೇ ಕೊಂಬೆಗೆ ಗಂಟು ಹಾಕಿಕೊಂಡಿತು.

"ಇಪ್ಪತ್ತು ದಿನ ಹಾಳು ಮಾಡಿದ್ರಿ," ಅಂದರು. ಅಷ್ಟೇ ಹೇಳಿದ್ದು. ಅದೇ ಸಾಕಾಗಿತ್ತು. ಆಮೇಲೆ ಅಪ್ಪನ ಕಡೆ ತಿರುಗಿದರು. "ಬರ್ರಿ, ಕೂಡ್ರಿ. ತೋಳು ಮ್ಯಾಲೆ ಮಾಡ್ರಿ."

ಸೂಜಿ ಕಂಡರೆ ಅಪ್ಪನ ಕಥೆ ಮುಗಿಯುತ್ತದೆ. ಟೆಟನಸ್ ಚುಚ್ಚಿಸಿಕೊಳ್ಳಲು ಒಮ್ಮೆ ಅವನನ್ನು ಅಂಗಡಿಯ ನಾಲ್ಕು ಜನ ಹಿಡಿದುಕೊಂಡಿದ್ದರು, ಐದನೆಯವನು ಬಾಗಿಲು ಕಾದಿದ್ದ. ಆ ದಿನ ಅವನು ತಾನೇ ಅಂಗಿಯ ತೋಳು ಮಡಚಿ ಕೂತ, ಗೋಡೆಯ ಕ್ಯಾಲೆಂಡರ್ ನೋಡುತ್ತಾ. ನರ್ಸ್ ರಕ್ತ ತೆಗೆದು ಮುಗಿಸಿ ಆಚೆ ಹೋದ ಮೇಲೆ ನಿಧಾನವಾಗಿ, ಗೌರವದಿಂದ, ಮೂರ್ಛೆ ಹೋದ.

ಅವ್ವನ ರಕ್ತವನ್ನೂ ಕಳಿಸಿದರು. ಉತ್ತರ ಬರುವವರೆಗೆ ನಾನು ಯಾರಿಗೂ ಏನೂ ಹೇಳಲಿಲ್ಲ. ಗೆಳತಿಯರು ನನಗೂ ಕಾಯಿಲೆ ಬಂದಿದೆ ಅಂದುಕೊಂಡರು. ಹನ್ನೊಂದನೇ ದಿನ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಬಂತು. ಅಪ್ಪ ಒಳಗೆ ಹೋದ. ನಾನು ಗಾಜಿಗೆ ಮೂಗು ಒತ್ತಿ ನಿಂತೆ. ಅವನು ಹೂಂ ಅಂದ, ಹೂಂ ಅಂದ, ಆಮೇಲೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊರಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟ.

"ಕೆಂಪು ಬಳೆ ನಂದಂತೆ ಕಣವ್ವ," ಅಂದ.

ಮಜ್ಜೆ ಹಾಕಿದ್ದು ಆ ದೂರದ ದೊಡ್ಡ ಆಸ್ಪತ್ರೆಯಲ್ಲಿ. ಅಪ್ಪನ ಸೊಂಟದಿಂದ ತೆಗೆದದ್ದು ಚೀಲದಲ್ಲಿ ಟೊಮೆಟೊ ಸಾರಿನ ಹಾಗೆ ಕಾಣುತ್ತಿತ್ತಂತೆ. ಅದನ್ನು ಅಣ್ಣನ ತೋಳಿನ ನಾಳಕ್ಕೆ ಬಿಟ್ಟರು, ಮೂಳೆಗಲ್ಲ. ಅದು ರಕ್ತದಲ್ಲಿ ಊರೆಲ್ಲ ಸುತ್ತಿ, ತಾನೇ ದಾರಿ ಕೇಳಿಕೊಂಡು ಮೂಳೆಯ ಮನೆ ಸೇರಿತು. ಇದನ್ನು ನಾನು ಕಟ್ಟಿದ್ದೆಂದು ಗೆಳತಿಯರು ಇನ್ನೂ ನಂಬಿದ್ದಾರೆ. ಮೂರು ವಾರ ಕಾರ್ಖಾನೆ ಸುಮ್ಮನಿತ್ತು. ಜ್ವರ ಬಂತು, ಕೂದಲು ಉದುರಿತು, ಅವ್ವ ಗಾಜಿನ ಆಚೆ ನಿಂತು ನಿಂತು ಕಾಲು ಊದಿಸಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಹೊಸ ಬಿಳಿ ಕಣಗಳು ಕಂಡವು. ಅಪ್ಪನ ಗುರುತಿನವು, ಅಂದರೆ ಅಣ್ಣನವೇ.

ಅಣ್ಣ ಊರಿಗೆ ಬಂದ ಮೇಲೆ ಅಜ್ಜಿ ಅವನ ಮತ್ತು ನನ್ನ ಜೊತೆ ದಾವಣಗೆರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಕೂತಳು. "ಹಂಗಾರ ತಪ್ಪು ನಂದಲ್ಲೇನ್ರಿ?" ಅಂದಳು.

"ಈ ರೋಗ ಯಾಕ ಬಂತು ಅಂತ ನಂಗೂ ಗೊತ್ತಿಲ್ಲ ಅಜ್ಜಿ. ನಿಮ್ಮ ಮದುವಿಯಿಂದ ಬಂತು ಅಂತ ನಾನು ಹೇಳಲ್ಲ. ಆದ್ರ ಹೊಂದಾಣಿಕೆ ಸಿಕ್ಕಿದ್ದು ಮಾತ್ರ ಅದರಿಂದ್ಲೇ."

"ಹಂಗಾರ ಆ ಬೋರ್ಡು?"

"ಬೋರ್ಡು ಇರಲಿ ಬಿಡ್ರಿ. ಒಂದೇ ಥರದ ಬಳೆ ಮನಿ ತುಂಬಾ ಕೂಡಿದ್ರ ಬ್ಯಾರೆ ತೊಂದರೆ ಬರ್ತಾವ. ನಿಮ್ಮ ಮೊಮ್ಮಗಳಿಗೆ ಹೊರಗಿನ ಗಂಡು ನೋಡ್ರಿ."

ಅಜ್ಜಿ ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿದಳು. "ಬೀದರ್ ಕಡೆ ಯಾರಾರ ಇದ್ರ ಹೇಳ್ರಿ," ಅಂದಳು.

ಅಣ್ಣ ನಕ್ಕ. ನಾನು ಅಭ್ಯಾಸದಂತೆ ಟವೆಲಿಗೆ ಕೈ ಹಾಕಿದೆ. ಬೇಕಾಗಲಿಲ್ಲ. ಅವನ ಹಲ್ಲು ಬೆಳ್ಳಗೆ, ಒಣಗಿ, ಒಂದು ಹನಿ ರಕ್ತವಿಲ್ಲದೆ ಹೊಳೆಯುತ್ತಿದ್ದವು.